ಕಡಲ ದಂಡೆಗೆ ನಮ್ಮ ತೆಂಗು

ತಿಪಟೂರಿನ ಪೇಟೆಯ ನಡುವೆ ಹಾದುಹೋಗುವ ದೊಡ್ಡ ರಸ್ತೆಗೆ ಬಿ.ಎಚ್. ರಸ್ತೆಯೆಂದು ಹೆಸರು. ತುಮಕೂರಿನಲ್ಲಿಯೂ ಇದೇ ಹೆಸರು, ಶಿವಮೊಗ್ಗದಲ್ಲಿಯೂ ಇದೇ. ಮೊದಲ ಅಕ್ಷರ ಬೆಂಗಳೂರನ್ನು ಹೇಳುತ್ತದೆಂದು ಯಾರಾದರೂ ಊಹಿಸಬಲ್ಲರು. ಎರಡನೆಯದು ಹೊನ್ನಾವರವೆಂದರೆ ನನ್ನ ತರಗತಿಯ ಹುಡುಗರು ಅರೆನಂಬಿಕೆಯಿಂದ ನೋಡುತ್ತಾರೆ. ಕಾಯಿ ತುಂಬಿದ ಲಾರಿ, ಕೊಬ್ಬರಿಯ ಚೀಲ, ಬೀದಿಯ ಅಂಚಿನವರೆಗೂ ಚಾಚಿಕೊಂಡ ಅಂಗಡಿಗಳು, ಇವುಗಳ ನಡುವೆ ನಿಂತವನಿಗೆ ಈ ದಾರಿ ಪಡುವಣಕ್ಕೆ ನಡೆದು, ಘಟ್ಟವಿಳಿದು, ಶರಾವತಿ ಸಮುದ್ರವನ್ನು ಕೂಡುವ ಊರಿನಲ್ಲಿ ಮುಗಿಯುತ್ತದೆಂಬುದು ನೆನಪಾಗುವುದಾದರೂ ಹೇಗೆ? ಆದರೆ ಈಚೆಗೆ ಕರಾವಳಿಯಿಂದ ಬರುತ್ತಿರುವ ವರ್ತಮಾನಗಳನ್ನು ಓದುವಾಗ ಆ ಎರಡನೆಯ ಅಕ್ಷರ ನನ್ನನ್ನು ಮೇಲಿಂದ ಮೇಲೆ ಕಾಡುತ್ತಿದೆ.

ಹೊನ್ನಾವರದಿಂದ ಶರಾವತಿಯ ಸೇತುವೆಯನ್ನು ದಾಟಿದರೆ ಕಾಸರಕೋಡು. ೨೦೨೦ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಸಲ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅವುಗಳಲ್ಲಿ ಎರಡು ನಮ್ಮ ರಾಜ್ಯದವು: ಈ ಕಾಸರಕೋಡು, ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ನೀರು ನಿರ್ಮಲವಾಗಿರಬೇಕು, ದಂಡೆ ಶುಚಿಯಾಗಿರಬೇಕು, ಬಂದವರಿಗೆ ಬಟ್ಟೆ ಬದಲಾಯಿಸಲು ಮರೆ, ಸ್ನಾನಕ್ಕೆ ನೀರು, ಕಾವಲಿಗೆ ಜನ, ಇವೆಲ್ಲ ಇರಬೇಕೆಂಬುದು ಆ ಮನ್ನಣೆಯ ಕಟ್ಟಳೆ. ಅಲ್ಲಿಂದೀಚೆಗೆ ಮುನ್ನೂರು ಕಿಲೋಮೀಟರಿಗೆ ಮಿಕ್ಕ ನಮ್ಮ ಕರಾವಳಿಯನ್ನೆಲ್ಲ ಪ್ರವಾಸಿಗಳಿಗೆ ತೆರೆಯಬೇಕೆಂಬ ಉತ್ಸಾಹ ಹೆಚ್ಚಿದೆ. ರಾಜ್ಯ ಸರ್ಕಾರದ ೨೦೨೪–೨೯ರ ಪ್ರವಾಸೋದ್ಯಮ ನೀತಿಯೂ ಈ ಉತ್ಸಾಹಕ್ಕೆ ಇಂಬುಕೊಟ್ಟಿದೆ. ಎಷ್ಟು ಕೋಣೆಗಳು, ಎಷ್ಟು ಬಂಡವಾಳ, ಎಷ್ಟು ಜನಕ್ಕೆ ಉದ್ಯೋಗ ಎಂಬ ಲೆಕ್ಕಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಆ ಕೋಣೆಗಳ ಗೋಡೆ ಯಾವುದರದು, ಮಾಡು ಯಾವುದರದು ಎಂದು ಕೇಳಿದವರು ವಿರಳ. ಇದು ಎಂಜಿನಿಯರುಗಳ ಪ್ರಶ್ನೆ, ಕನ್ನಡ ಮೇಷ್ಟರಿಗೇಕೆ ಎಂದು ವಾಚಕರು ನಗಬಹುದು. ನಗಲಿ. ಮನೆ ಕಟ್ಟುವ ಸಾಮಗ್ರಿಯ ವಿಚಾರದಲ್ಲಿ ಎಂಜಿನಿಯರಿಗೆ ಎಷ್ಟು ಹಕ್ಕಿದೆಯೋ ಆ ಸಾಮಗ್ರಿ ಬೆಳೆಯುವ ಸೀಮೆಯಲ್ಲಿ ಬದುಕುವವನಿಗೂ ಅಷ್ಟು ಹಕ್ಕಿದೆ.

ಮೊದಲು ಕಾನೂನನ್ನು ನೋಡೋಣ. ಕಡಲಂಚಿನಲ್ಲಿ ಮನಬಂದಂತೆ ಕಟ್ಟುವುದನ್ನು ತಡೆಯಲು ೧೯೯೧ರಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿತು. ೨೦೧೧ರಲ್ಲಿ ಅದು ಹೊಸದಾಯಿತು, ೨೦೧೯ರಲ್ಲಿ ಮತ್ತೊಮ್ಮೆ. ಈಗಿನ ನಿಯಮದಂತೆ ಹಳ್ಳಿಗಾಡಿನ ತೀರದಲ್ಲಿ ಜನಸಾಂದ್ರತೆ ಚದರ ಕಿಲೋಮೀಟರಿಗೆ ೨,೧೬೧ಕ್ಕಿಂತ ಹೆಚ್ಚಿರುವ ಕಡೆ ಭರತದ ನೀರು ಮುಟ್ಟುವ ಗೆರೆಯಿಂದ ೫೦ ಮೀಟರು, ಉಳಿದ ಕಡೆ ೨೦೦ ಮೀಟರು ಕಟ್ಟಡವಿಲ್ಲದ ಬಯಲಾಗಿರಬೇಕು. ಆದರೆ ಆ ಬಯಲಿನಲ್ಲಿಯೂ ಪ್ರವಾಸಿಗಳಿಗಾಗಿ ತಾತ್ಕಾಲಿಕ ಗುಡಿಸಲು, ಶೌಚಗೃಹ, ಸ್ನಾನದ ಮರೆ, ಕೂರುವ ಕಟ್ಟೆಗಳಿಗೆ ಅವಕಾಶವುಂಟು. ಗೆರೆಯಿಂದ ಹತ್ತು ಮೀಟರು ದೂರವಿದ್ದರೆ ಸಾಕು. ‘ತಾತ್ಕಾಲಿಕ’ ಎಂಬ ಈ ವಿಶೇಷಣದ ಮೇಲೆ ವಾಚಕರು ಗಮನವಿಡಬೇಕು. ಕಾನೂನು ಇಲ್ಲಿ ಅರಿತೋ ಅರಿಯದೆಯೋ ಬಹಳ ವಿವೇಕದ ಮಾತಾಡಿದೆ.

ಇದಕ್ಕೆ ಎದುರಾಗಿ ನಿಂತಿರುವುದು ನಮ್ಮ ಕಾಲದ ಮೆಚ್ಚಿನ ಪದವಾದ ‘ಸುಸ್ಥಿರ’. ಸು ಎಂದರೆ ಚೆನ್ನಾಗಿ, ಸ್ಥಿರ ಎಂದರೆ ಅಲುಗದೆ ನಿಂತದ್ದು. ಪದ ಕೇಳಲು ಗಂಭೀರವಾಗಿದೆ, ಯೋಜನಾ ವರದಿಗಳಿಗೆ ಒಪ್ಪುತ್ತದೆ. ಆದರೆ ಮರಳು ಒಂದು ಮಳೆಗಾಲಕ್ಕೂ ಇನ್ನೊಂದಕ್ಕೂ ಒಂದೇ ಕಡೆ ಇರದ ದಂಡೆಯ ಮೇಲೆ ಸ್ಥಿರವಾಗಿ ನಿಲ್ಲುವುದೇ ಅಪರಾಧವಲ್ಲವೆ? ಉಳ್ಳಾಲದ ಕಡಲ್ಕೊರೆತದ ಕಥೆ ನಮ್ಮ ಕಣ್ಣ ಮುಂದೆ ಇದೆ. ಅಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ನೀರೊಳಗೆ ದಿಬ್ಬಗಳನ್ನೂ ಕಲ್ಲಿನ ತಡೆಗೋಡೆಗಳನ್ನೂ ಕಟ್ಟಬೇಕಾಯಿತು. ಕಡಲಿನ ಬದಿಯಲ್ಲಿ ಸ್ಥಿರವಾದದ್ದನ್ನು ಕಟ್ಟಿದವನು ಅದನ್ನು ಉಳಿಸಲು ಅದಕ್ಕಿಂತ ಸ್ಥಿರವಾದ ಇನ್ನೊಂದನ್ನು ಕಟ್ಟಬೇಕಾಗುತ್ತದೆ. ಆ ಕಲ್ಲು ಇನ್ನಾವುದೋ ಊರಿನ ಗುಡ್ಡದಿಂದ ಬರಬೇಕು. ಗೋವೆಯ ಜನ ಈ ಸಂಗತಿಯನ್ನು ಬೇರೆ ರೀತಿಯಲ್ಲಿ ಬಲ್ಲರು. ಅಲ್ಲಿಯ ದಂಡೆಯ ಗುಡಿಸಲಂಗಡಿಗಳು ಮಳೆ ಹಿಂದೆಗೆದ ಮೇಲೆ ಏಳುತ್ತವೆ, ಮೇ ತಿಂಗಳು ಕಳೆಯುವ ಹೊತ್ತಿಗೆ ಕಳಚಿ ಗಂಟಾಗುತ್ತವೆ. ೨೦೧೧ರ ಅಧಿಸೂಚನೆ ಸೆಪ್ಟೆಂಬರಿನಿಂದ ಮೇವರೆಗಿನ ಈ ರೂಢಿಯನ್ನು ಹೆಸರಿಟ್ಟು ಒಪ್ಪಿಕೊಂಡಿತು. ಮಲೆನಾಡಿನ ಅಡಕೆಯ ಮನೆಗಳಲ್ಲಿ ಮಳೆಗಾಲ ಮುಗಿದೊಡನೆ ಅಂಗಳಕ್ಕೆ ಚಪ್ಪರ ಹಾಕುವುದನ್ನು ಕಂಡವರಿಗೆ ಇದು ಹೊಸದಲ್ಲ. ಕಡಲ ದಂಡೆಯಲ್ಲಿ ಬಾಳುವ ವಸ್ತು ಯಾವುದೆಂದರೆ ಬಿಚ್ಚಿ ಮತ್ತೆ ಕಟ್ಟಬಹುದಾದದ್ದು, ಕೆಟ್ಟರೆ ಅಲ್ಲಿಯ ಮಣ್ಣಿಗೇ ಗೊಬ್ಬರವಾಗುವುದು. ನನ್ನ ವಾದವೆಲ್ಲ ಇಷ್ಟೇ. ಮಿಕ್ಕದ್ದು ಇದರ ವಿವರ.

ಕಾಂಕ್ರೀಟಿನ ವಿಷಯವನ್ನು ಬೇಗ ಮುಗಿಸಿಬಿಡಬಹುದು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ ೭–೮ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆಂಬುದು ಎಲ್ಲರೂ ಓದಿರುವ ಸಂಗತಿ. ಕರಾವಳಿಯಲ್ಲಿ ಅದಕ್ಕೆ ಇನ್ನೊಂದು ಕೊರತೆ ಸೇರಿಕೊಳ್ಳುತ್ತದೆ. ಉಪ್ಪುಗಾಳಿಯ ಕ್ಲೋರೈಡು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳೊಳಗೆ ಇಳಿದು ಕಬ್ಬಿಣವನ್ನು ಮುಟ್ಟುತ್ತದೆ. ಕಬ್ಬಿಣ ತುಕ್ಕಾಗುವಾಗ ತನ್ನ ಗಾತ್ರಕ್ಕಿಂತ ಹಲವು ಮಡಿ ಹಿಗ್ಗಿ ಮೇಲಿನ ಗಾರೆಯನ್ನು ಒಡೆದು ಕೆಡಹುತ್ತದೆ. ಹಳೆಯ ಕಡಲಬದಿಯ ಬಂಗಲೆಗಳ ಸಜ್ಜದ ಕೆಳಗೆ ಕಾಣುವ ಕೆಂಪು ಗೆರೆಗಳು ಇದೇ. ದುರಸ್ತಿ ಬೇಡದ ಮನೆಯೆಂದು ಕಟ್ಟಿಸಿದವನಿಗೆ ಕೊನೆಗೆ ದುರಸ್ತಿಯೇ ಆಗದ ಮನೆ ಉಳಿಯುತ್ತದೆ.

ಹಿಂದಿನ ಕರಾವಳಿಯ ಮನೆ ಹಾಗಿರಲಿಲ್ಲ. ನೆಲದಿಂದ ಮುರಕಲ್ಲು, ಚಿಪ್ಪನ್ನು ಸುಟ್ಟ ಸುಣ್ಣ, ತೋಟದಿಂದ ಮರ, ಮೇಲೆ ಮಡಲು ಅಥವಾ ಹುಲ್ಲು. ದಕ್ಷಿಣ ಕನ್ನಡದವರು ಮುರಕಲ್ಲು, ಕೆಂಪುಕಲ್ಲು ಎನ್ನುವುದನ್ನು ಉತ್ತರ ಕನ್ನಡದವರು ಚಿರೆಕಲ್ಲೆನ್ನುತ್ತಾರೆ. ನೆಲದೊಳಗೆ ಕತ್ತಿಗೆ ಬಗ್ಗುವಷ್ಟು ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಚಮತ್ಕಾರ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಮಾತಿನಿಂದ, ಮಲಬಾರಿನ ಅಂಗಾಡಿಪುರದಲ್ಲಿ ಅದನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ಆ ಹೆಸರನ್ನು ಕೊಟ್ಟ. ನನಗೆ ಸ್ವಾರಸ್ಯವಾಗಿ ಕಾಣುವುದು ಇದು: ಟಿಪ್ಪುವಿನ ಪತನವಾದ ಮರುವರ್ಷ ಹೊರಟ ಅದೇ ಪ್ರವಾಸದಲ್ಲಿ ಬುಕಾನನ್ ನಮ್ಮ ಚಿಕ್ಕನಾಯಕನಹಳ್ಳಿಗೂ ಬಂದಿದ್ದ. ಮಣ್ಣಿನ ಕೋಟೆ, ಅದರೊಳಗೆ ಇನ್ನೊಂದು ಮಣ್ಣಿನ ಕೋಟೆ, ಮಣ್ಣಿನ ಗೋಡೆಯ ದೊಡ್ಡ ಮನೆಗಳು, ಇವನ್ನು ಕಂಡು ಬರೆದಿಟ್ಟಿದ್ದಾನೆ. ಮನೆಗಳು ದೊಡ್ಡವೆಂದು ಒಪ್ಪಿಕೊಂಡರೂ ಅವುಗಳ ನೈರ್ಮಲ್ಯದ ವಿಷಯದಲ್ಲಿ ಅವನು ದಾಕ್ಷಿಣ್ಯ ತೋರಿಲ್ಲ. ಅದು ಹೇಗೂ ಇರಲಿ, ಬಯಲುಸೀಮೆಯ ಮಣ್ಣನ್ನೂ ಕರಾವಳಿಯ ಮುರಕಲ್ಲನ್ನೂ ಒಂದೇ ಪುಸ್ತಕದಲ್ಲಿ ಇಟ್ಟವನು ಅವನು.

ಹೆಂಚು ಬಂದದ್ದು ಅನಂತರ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ೧೮೬೫ರಲ್ಲಿ ಮಂಗಳೂರಿನ ನೇತ್ರಾವತಿಯ ಬಳಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ. ತಂತ್ರ ಹೊರಗಿನದು, ಮಣ್ಣು ಹೊಳೆಯದು. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುವ ಆ ನಾಡಿನಲ್ಲಿ ಒಡೆದ ಒಂದು ಹೆಂಚನ್ನು ತೆಗೆದು ಇನ್ನೊಂದನ್ನು ಇಡಬಹುದೆಂಬ ಸೌಕರ್ಯವೇ ಅದರ ಜಯಕ್ಕೆ ಕಾರಣ. ಪಕ್ಕಾಸು, ರೀಪು, ಮುಚ್ಚಿಗೆ ಎಂದು ಅಲ್ಲಿಯ ಜನ ಮಾಡಿನ ಅಂಗಗಳನ್ನು ಹೆಸರಿಸುವಾಗ ಪ್ರತಿಯೊಂದೂ ಬಿಚ್ಚಬಹುದಾದ ಅಂಗವೆಂಬುದು ತಿಳಿಯುತ್ತದೆ. ಕಾಂಕ್ರೀಟಿನ ತಾರಸಿಗೆ ಅಂಗಗಳಿಲ್ಲ. ಅದಕ್ಕೇ ಅದಕ್ಕೆ ಹೆಸರುಗಳೂ ಕಡಿಮೆ.

ಹಾಗೆಂದು ಕರಾವಳಿಯ ಹಳೆಯ ಸಾಮಗ್ರಿಗೆ ಮರಳಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಮುರಕಲ್ಲು ತೆಗೆದ ಕೋರೆಗಳು ಮಳೆಗಾಲದಲ್ಲಿ ಕೆರೆಗಳಾಗಿ ಮಕ್ಕಳನ್ನು ನುಂಗಿದ ಸುದ್ದಿಗಳನ್ನು ನಾವು ಓದಿದ್ದೇವೆ. ೨೦೨೫ರಲ್ಲಿ ಅಕ್ರಮ ಗಣಿಗಾರಿಕೆಯ ಮೇಲೆ ಕೈಮಾಡಿದಾಗ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಸಿಗದೆ ಮನೆಕಟ್ಟುವ ಕೆಲಸಗಳು ತಿಂಗಳುಗಟ್ಟಲೆ ನಿಂತವು, ಕೂಲಿಕಾರರು ಬರಿಗೈಯಲ್ಲಿ ಕುಳಿತರು. ಹೆಂಚಿನ ಕಾರ್ಖಾನೆಗಳು ಮಣ್ಣು, ಸೌದೆ, ಆಳು ಮೂರೂ ದುಬಾರಿಯಾಗಿ ಒಂದೊಂದಾಗಿ ಮುಚ್ಚಿವೆ. ಒಂದು ಕುಟುಂಬದ ಮನೆಗೆ ಸಾಕಾಗುತ್ತಿದ್ದ ಗುಡ್ಡ ನೂರು ಕೋಣೆಯ ವಿಹಾರಧಾಮಕ್ಕೆ ಸಾಲದು. ಮುರಕಲ್ಲು ಒಮ್ಮೆ ಕಡಿದರೆ ಮತ್ತೆ ಬೆಳೆಯುವುದಿಲ್ಲ.

ಬೆಳೆಯುವ ವಸ್ತು ನಮ್ಮಲ್ಲಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಬದುಕು ತೆಂಗಿನ ಸುತ್ತ ಹೆಣೆದುಕೊಂಡದ್ದು. ಮನೆಯೇ ಇಲ್ಲಿ ಕಾಯಿಗಾಗಿ ಕಟ್ಟಿದ್ದು: ಮಣ್ಣಿನ ಗೋಡೆ, ತೊಲೆ, ಜಂತೆ, ಅದರ ಮೇಲೆ ಅಟ್ಟ. ಆ ಅಟ್ಟದ ಮೇಲೆ ಕಾಯಿಗಳು ಮಟ್ಟೆಸಹಿತ ಒಂಬತ್ತು ಹತ್ತು ತಿಂಗಳು, ಕೆಲವೊಮ್ಮೆ ವರ್ಷ, ನೆರಳಿನಲ್ಲಿ ಒಣಗಿ ಒಳಗೇ ಉಂಡೆ ಕೊಬ್ಬರಿಯಾಗುತ್ತವೆ. ಕರಾವಳಿಯ ತೇವದಲ್ಲಿ ಇದು ಸುಲಭವಲ್ಲದ ಮಾತು. ಆ ಕೊಬ್ಬರಿಗೆ ಮಾರುಕಟ್ಟೆಯುಂಟು, ಬೆಂಬಲ ಬೆಲೆಯುಂಟು (೨೦೨೫ಕ್ಕೆ ಕ್ವಿಂಟಲಿಗೆ ೧೨,೧೦೦ ರೂಪಾಯಿ), ಅದು ಸಾಲದೆಂದು ಹೋರಾಟವೂ ಉಂಟು. ಸುಲಿದ ಮಟ್ಟೆಗೆ, ಒಣಗಿದ ಮರಕ್ಕೆ ಇವು ಯಾವುವೂ ಇಲ್ಲ.

ಮಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳುವುದಕ್ಕೆ ತಕ್ಕದ್ದು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ನಾರು, ಉಳಿದದ್ದು ಪುಡಿ. ನಾರು ಹಗ್ಗಕ್ಕೂ ಹಾಸಿಗೆಗೂ ಹೋಗುತ್ತದೆ. ಪುಡಿ ಸಸಿಗಳ ಕುಂಡಗಳಿಗೆ ಹೊರದೇಶಗಳಿಗೂ ಹೋಗುತ್ತದೆ. ಹೋಗದೆ ಉಳಿದದ್ದು ಕಾರ್ಖಾನೆಯ ಹಿಂದೆ ಗುಡ್ಡೆಯಾಗಿ, ಮಳೆ ಬಂದಾಗ ಕೆಂಚನೆಯ ನೀರನ್ನು ಹಳ್ಳಕ್ಕೆ ಬಿಡುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಪದಾರ್ಥ ಬೇರೆ ನಾರುಗಳಿಗಿಂತ ಬಹಳ ಹೆಚ್ಚು. ಅದರಿಂದಲೇ ಅದು ಉಪ್ಪುನೀರಿನಲ್ಲಿ ಬೇಗ ಕೊಳೆಯದು, ಅದರಿಂದಲೇ ಹಡಗಿನವರು ಶತಮಾನಗಳಿಂದ ಈ ಹಗ್ಗವನ್ನು ನಂಬಿದರು. ಹಾಲೆಂಡಿನ ವಾಗೆನಿಂಗನ್ನಿನ ವಿಜ್ಞಾನಿಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ಇಡೀ ಮಟ್ಟೆಯನ್ನು ಅರೆದು, ಕಾವಿನಲ್ಲಿ ಒತ್ತಿ, ಅಂಟನ್ನೇ ಬಳಸದೆ ಗಟ್ಟಿಯಾದ ಹಲಗೆ ಮಾಡಿ ತೋರಿಸಿದರು. ಮಟ್ಟೆಯೊಳಗಿನ ಲಿಗ್ನಿನ್ನೇ ಅಲ್ಲಿ ಅಂಟು. ನಮ್ಮ ದೇಶದಲ್ಲಿ ೧೯೫೩ರ ಕಾಯಿದೆಯ ಮೇರೆಗೆ ಹುಟ್ಟಿದ ನಾರು ಮಂಡಳಿಯುಂಟು, ಬೆಂಗಳೂರಿನಲ್ಲಿಯೇ ಅದರ ತಂತ್ರಜ್ಞಾನ ಸಂಸ್ಥೆಯುಂಟು. ನಾರಿನ ಹಲಗೆಗೆ ಭಾರತೀಯ ಮಾನಕವೂ ಉಂಟು. ೨೦೨೦ರಲ್ಲಿ ಗ್ರಾಮೀಣ ರಸ್ತೆಗಳ ಅಡಿಗೆ ನಾರಿನ ಜಾಲವನ್ನು ಹಾಸಲು ಕೇಂದ್ರ ಸರ್ಕಾರ ಒಪ್ಪಿತು. ರಸ್ತೆಯ ಕೆಳಗೆ ಹೋಗಬಹುದಾದದ್ದು ಮರಳುದಿಬ್ಬದ ಮೇಲೆ, ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಯಲ್ಲಿ, ಏಕೆ ಹೋಗಬಾರದು?

ಇನ್ನು ಮರ. ಇದು ನೋವಿನ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ನುಸಿ ಬಂತು, ಕಾಯಿ ಸಣ್ಣದಾಗಿ ಮಟ್ಟೆ ಕಗ್ಗಂಟಾಯಿತು. ಕಾಂಡ ಸೋರುವ ರೋಗ, ಕಪ್ಪು ತಲೆಯ ಹುಳು, ಈಚೆಗೆ ಬಿಳಿನೊಣ, ಒಂದರ ಬೆನ್ನಿಗೆ ಒಂದು ಬಂದವು. ೨೦೧೨ರಿಂದ ಕೆಲವು ವರ್ಷ ಬಂದ ಬರದಲ್ಲಿ ಕೊಳವೆಬಾವಿಗಳು ಬತ್ತಿ, ಅಜ್ಜ ನೆಟ್ಟ ತೋಟಗಳು ಮೊಮ್ಮಗನ ಕಣ್ಣೆದುರು ಒಣಗಿ ನಿಂತವು. ತಲೆಯಿಲ್ಲದ ಕಾಂಡಗಳು ಸಾಲುಸಾಲಾಗಿ ನಿಂತ ತೋಟವನ್ನು ಕಂಡವರು ಅದನ್ನು ಬೇಗ ಮರೆಯಲಾರರು. ತುರುವೇಕೆರೆಯ ಕಡೆಯ ತೋಟದ ಯಜಮಾನರೊಬ್ಬರನ್ನು ಮರಗಳ ಗತಿಯೇನೆಂದು ಕೇಳಿದಾಗ ಅವರು ಹೇಳಿದ್ದು: “ಸುಳಿ ಬಿದ್ದ್ ಮರ ಇಟ್ಕೊಂಡ್ ಏನ್ ಮಾಡಾಣ ಮೇಷ್ಟ್ರೆ? ಗೂಡ್ನೋರು ಬಂದು ಕಡ್ಕಂಡ್ ಹೋದ್ರೆ ಸಾಕು, ನೆಲನಾರ ಹಸನಾಯ್ತದೆ.” ಗೂಡಿನವರೆಂದರೆ ಇಟ್ಟಿಗೆ ಗೂಡಿನವರು. ಅರವತ್ತು ವರ್ಷ ಕಾಯಿ ಕೊಟ್ಟ ಮರ ಸೌದೆಯ ಬೆಲೆಗೆ ಹೋಗಿ, ಕೆರೆಯ ಗೋಡಿನ ಇಟ್ಟಿಗೆಯನ್ನು ಸುಡುತ್ತದೆ.

ಆದರೆ ಆ ಮರ ಬರಿಯ ಸೌದೆಯೇ? ತೆಂಗು ಹುಲ್ಲಿನ ಕುಲಕ್ಕೆ ಹತ್ತಿರದ್ದು. ಅದಕ್ಕೆ ವರ್ಷವರ್ಷದ ಬಳೆಗಳಿಲ್ಲ, ಕೊಂಬೆಯಿಲ್ಲದ್ದರಿಂದ ಗಂಟುಗಳಿಲ್ಲ, ಹಲಸಿಗಿರುವಂಥ ಚೇಗು ನಡುವೆ ಇಲ್ಲ. ಬೇರೆ ಮರದಲ್ಲಿ ಗಟ್ಟಿ ಒಳಗಿದ್ದರೆ ಇದರಲ್ಲಿ ಗಟ್ಟಿ ಹೊರಗೆ. ತೊಗಟೆಗೆ ತಾಗಿದ ಸುತ್ತು, ಅದರಲ್ಲಿಯೂ ಬುಡದ ಕಡೆಯದು, ಒಳ್ಳೆಯ ಮರಕ್ಕೆ ಸಾಟಿಯಾಗುತ್ತದೆ. ನಡುವಿನ ತಿರುಳೂ ತುದಿಯೂ ಮೆತ್ತಗೆ. ಗರಗಸದ ಹಲ್ಲನ್ನು ಬೇಗ ಮೊಂಡು ಮಾಡುವ ಜಾತಿಯಾದ್ದರಿಂದ ಗಟ್ಟಿಲೋಹದ ತುದಿಯ ಗರಗಸ ಬೇಕು. ಹಾಗೆಯೇ ನೆಲಕ್ಕೆ ಹೂತರೆ ಎರಡು ಮೂರು ವರ್ಷದಲ್ಲಿ ಕೊಳೆಯುತ್ತದೆ. ಮದ್ದಿನಲ್ಲಿ ಅದ್ದಿ, ನೆಲದಿಂದೆತ್ತಿ, ಮಾಡಿನ ನೆರಳಿನಲ್ಲಿಟ್ಟರೆ ಬಾಳುತ್ತದೆ. ನಮ್ಮ ರೈತರಿಗೆ ಇದರಲ್ಲಿ ಅರ್ಧ ಗೊತ್ತು. ದನದ ಕೊಟ್ಟಿಗೆಗೆ ಬುಡದ ಸೀಳನ್ನೇ ತೊಲೆ ಮಾಡುತ್ತಾರೆ, ತುದಿಯನ್ನಲ್ಲ. ಫಿಲಿಪ್ಪೀನ್ಸಿನವರು ಇದನ್ನು ಶಾಸ್ತ್ರವಾಗಿ ಬೆಳೆಸಿದರು. ಮನಿಲಾದಲ್ಲಿ ತೆಂಗಿನ ಮರದಿಂದಲೂ ಕರಟದಿಂದಲೂ ಅಲಂಕರಿಸಿ ಒಂದು ಅರಮನೆಯನ್ನೇ ಕಟ್ಟಿದರು. ೧೯೮೧ರಲ್ಲಿ ಪೋಪರನ್ನು ಅಲ್ಲಿ ಇಳಿಸಬೇಕೆಂದಿದ್ದಾಗ, ಬಡವರ ನಾಡಿನಲ್ಲಿ ಇಷ್ಟು ವೈಭವವೇಕೆಂದು ಅವರು ಒಲ್ಲೆನೆಂದರಂತೆ. ಬಡವನ ಮರವೂ ದೊಡ್ಡವರ ಕೈಗೆ ಸಿಕ್ಕರೆ ಆಡಂಬರವಾಗಬಲ್ಲದು.

ಈ ಅಪಾಯ ನಮ್ಮಲ್ಲಿಯೂ ಉಂಟು. ಕಡಲಬದಿಯ ಕೆಲವು ವಿಹಾರಧಾಮಗಳ ಮಾಡಿನ ಮೇಲೆ ದೂರದಿಂದ ಗರಿಯಂತೆ ಕಾಣುವ ಹೊದಿಕೆಯನ್ನು ಹತ್ತಿರ ಹೋಗಿ ಮುಟ್ಟಿದರೆ ಅದು ಪ್ಲಾಸ್ಟಿಕ್ಕು. ಸುತ್ತಲೂ ತೆಂಗಿನ ತೋಪು, ನಡುವೆ ಪ್ಲಾಸ್ಟಿಕ್ಕಿನ ಸೋಗೆ! ಆ ಮಾಲೀಕನನ್ನು ಪೂರ್ತಿ ತಪ್ಪೆನ್ನುವಂತೆಯೂ ಇಲ್ಲ. ನಿಜವಾದ ಗರಿಯನ್ನು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಬೆಂಕಿಯ ಭಯವುಂಟು, ಹೆಣೆಯುವ ಹೆಂಗಸರು ಸಿಕ್ಕುವುದಿಲ್ಲ. ಸಿಕ್ಕುವುದಿಲ್ಲವೇಕೆ? ಕೂಲಿ ಗಿಟ್ಟದ್ದರಿಂದ. ಕೋಣೆಯ ಬಾಡಿಗೆಯಲ್ಲಿ ದಿನಕ್ಕೆ ಸಾವಿರಗಟ್ಟಲೆ ಪಡೆಯುವವನು ವರ್ಷಕ್ಕೊಮ್ಮೆ ಗರಿ ಹೆಣೆಯುವವಳಿಗೆ ಮರ್ಯಾದೆಯ ಕೂಲಿ ಕೊಡಲಾರನೆಂದರೆ ಅವನ ಫಲಕದ ಮೇಲಿನ ‘ಪರಿಸರಸ್ನೇಹಿ’ ಎಂಬ ಮಾತಿಗೆ ಅರ್ಥವೇನು?

ಕರಾವಳಿಯಲ್ಲಿಯೇ ತೆಂಗಿರುವಾಗ ಘಟ್ಟದ ಮೇಲಿನದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗರಿಯನ್ನಂತೂ ಇಲ್ಲಿಂದ ಒಯ್ಯುವುದು ಹುಚ್ಚುತನ. ಅದು ಅಲ್ಲಿಯದೇ ಆಗಬೇಕು. ಮಟ್ಟೆಯನ್ನು ಮಟ್ಟೆಯಾಗಿ ಒಯ್ದರೂ ಲಾರಿ ಹೊತ್ತದ್ದು ಬಹಳಮಟ್ಟಿಗೆ ಗಾಳಿಯನ್ನೇ. ಹಲಗೆಯಾಗಿ ಒತ್ತಿದ್ದು, ತೊಲೆಯಾಗಿ ಸೀಳಿ ಮದ್ದುಣಿಸಿದ್ದು ಮಾತ್ರ ಆ ದಾರಿಯ ಇಂಧನಕ್ಕೆ ಯೋಗ್ಯ. ದೂರವೆಂಬುದು ನಮ್ಮ ಸೀಮೆಗೆ ಹೊಸದಲ್ಲ. ತುರುವೇಕೆರೆಯ ಬಳಿಯ ಕರಿಕಲ್ಲು ಶ್ರೀರಂಗಪಟ್ಟಣದಲ್ಲಿ ಹೈದರನ ಗುಂಬಜಿನ ಕಂಬಗಳಿಗೆ ಹೋಯಿತೆಂದು ಗ್ಯಾಸೆಟಿಯರು ಹೇಳುತ್ತದೆ. ಆದರೆ ಅದು ಅರಸನ ಕೆಲಸ, ಖರ್ಚಿನ ಲೆಕ್ಕವಿರಲಿಲ್ಲ. ಇಲ್ಲಿ ಲೆಕ್ಕವೇ ಮುಖ್ಯ. ಬತ್ತಿದ ತೋಟಗಳು ಒಂದೇ ಸೀಮೆಯಲ್ಲಿ ಇಷ್ಟೊಂದು ಇರುವಾಗ, ಕರಾವಳಿಯ ಫಲ ಬಿಡುತ್ತಿರುವ ಮರಕ್ಕೆ ಕೊಡಲಿ ಹಾಕದೆ ಇಲ್ಲಿಯ ಸತ್ತ ಮರವನ್ನು ಒಯ್ಯುವುದು ಆ ಲೆಕ್ಕಕ್ಕೂ ಒಪ್ಪೀತೆಂದು ನನ್ನ ನಂಬಿಕೆ.

ಅಡ್ಡಿ ಇರುವುದು ಬೇರೆ ಕಡೆ. ಸರ್ಕಾರದ ಕಟ್ಟಡಕ್ಕೆ ಇಲಾಖೆಯ ದರಪಟ್ಟಿಯೇ ವೇದ; ಅದರಲ್ಲಿ ದರವಿಲ್ಲದ ವಸ್ತುವನ್ನು ಅಂದಾಜುಪಟ್ಟಿಗೆ ಸೇರಿಸಲು ಯಾವ ಎಂಜಿನಿಯರೂ ಸುಲಭವಾಗಿ ಧೈರ್ಯಮಾಡುವುದಿಲ್ಲ. ತೇಗಕ್ಕೆ, ಸಾಲಮರಕ್ಕೆ, ಉಕ್ಕಿಗೆ ಸಿಕ್ಕಿದ ಸಾಲು ಹದಮಾಡಿದ ತೆಂಗಿನ ಮರಕ್ಕೂ ನಾರಿನ ಹಲಗೆಗೂ ಸಿಗಬೇಕು. ಬುಡ, ನಡು, ತುದಿ ಎಂದು ಮರವನ್ನು ವಿಂಗಡಿಸಿ ಗುರುತು ಹಾಕುವ ಕ್ರಮ ಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ತಿರುಳಿನ ಹಲಗೆ ಬಾಗಿ, ತೆಂಗಿಗೇ ಕೆಟ್ಟ ಹೆಸರು ಬರುತ್ತದೆ. ಗಟ್ಟಿಲೋಹದ ಗರಗಸ, ಮದ್ದಿನ ತೊಟ್ಟಿ, ಹಲಗೆಯೊತ್ತುವ ಯಂತ್ರ, ಇವು ಕೊಬ್ಬರಿಯ ಮಾರುಕಟ್ಟೆಯ ಆಸುಪಾಸಿನಲ್ಲಿದ್ದರೆ ರೈತ ಒಂದೇ ಗಾಡಿಯಲ್ಲಿ ಎರಡು ಸರಕನ್ನೂ ತಂದಾನು. ಕಾಸರಕೋಡಿನಲ್ಲಿಯೋ ಪಡುಬಿದ್ರಿಯಲ್ಲಿಯೋ ಮುಂದಿನ ಸಲ ಬಟ್ಟೆ ಬದಲಾಯಿಸುವ ಕೋಣೆಗಳನ್ನು ಹೊಸದಾಗಿ ಕಟ್ಟುವಾಗ ನಾಲ್ಕನ್ನು ಈ ಮರದಿಂದ ಕಟ್ಟಿ, ಜೂನಿ‍ನಲ್ಲಿ ಬಿಚ್ಚಿ, ಅಕ್ಟೋಬರಿನಲ್ಲಿ ಮತ್ತೆ ನಿಲ್ಲಿಸಿ ಮೂರು ವರ್ಷ ನೋಡಲಿ. ಖರ್ಚು ಹೆಚ್ಚಲ್ಲ. ಈ ಬೇಸಿಗೆಯಲ್ಲಿಯೂ ಗೂಡಿನವರ ಲಾರಿಗಳು ತೋಟಗಳಿಗೆ ಬರುತ್ತವೆ. ಆ ಹೊತ್ತಿಗೆ ಬುಡದ ಹದಿನೈದು ಇಪ್ಪತ್ತು ಅಡಿಗೆ ಇನ್ನೊಬ್ಬ ಗಿರಾಕಿ ನಿಂತಿದ್ದರೆ, ರೈತ ಗೂಡಿಗೆ ತುದಿಯನ್ನಷ್ಟೇ ಕೊಟ್ಟು ಬುಡಕ್ಕೆ ಬೆಲೆ ಹೇಳುತ್ತಾನೆ.